ನಾಳೆ ನಮ್ಮಲ್ಲಿ ಬಸಳೆ ಇಲ್ಲ

ಪರದೇಶಕ್ಕೆ ಹೋಗಿ ಬಂದವರು ಕಟ್ಟಡಗಳ ಎತ್ತರ, ರಸ್ತೆಗಳ ನುಣುಪು ಹೇಳುವುದು ರೂಢಿ. ಓಮಾನಿನ ರಸ್ತೆಗಳು ನುಣುಪಾಗಿವೆ, ಒಪ್ಪಿದೆ. ಕಟ್ಟಡಗಳು ಎತ್ತರವಿಲ್ಲ, ಹೆಚ್ಚಿನವು ಬಿಳಿ, ಹೆಚ್ಚಿನವು ಗಿಡ್ಡ, ಹಿಂದೆ ಹುಲ್ಲುಕಡ್ಡಿಯೂ ಇಲ್ಲದ ಬೋಳು ಗುಡ್ಡ. ಇಷ್ಟು ಹೇಳಿದರೆ ಆ ಬಾಬ್ತು ಮುಗಿಯಿತು. ನಾನು ಹೇಳಲು ಕುಳಿತಿರುವುದು ಒಂದು ಸೊಪ್ಪಿನ ವಿಷಯ. ಮಗಳ ಬಾಣಂತನಕ್ಕೆ ಊರಿಗೆ ಹೋಗಬೇಕಾಗಿದ್ದ ಒಬ್ಬ ತಾಯಿಯನ್ನು ಆ ಸೊಪ್ಪು ಅಲ್ಲೇ ಕಟ್ಟಿಹಾಕಿತ್ತು.

ಮಸ್ಕತ್ತಿಗೆ ಇಳಿದದ್ದು

ನಾನು ಕರಾವಳಿಯ ಒಂದು ಸಣ್ಣ ಪೇಟೆಯ ಸಮುದಾಯ ರೇಡಿಯೊದಲ್ಲಿ ಕಾರ್ಯಕ್ರಮ ಮಾಡುವವಳು. ಸುತ್ತಲಿನ ಕೆಲವು ಊರುಗಳಿಗೆ ಮಾತ್ರ ಕೇಳುವ ರೇಡಿಯೊ ಅದು. ಗುಡುಗು ಬಂದರೆ ಅಷ್ಟೂ ಇಲ್ಲ. ಆದರೂ ಮೈಕು ಕೈಗೆ ಬಂದ ಮೇಲೆ ನನ್ನ ಬಾಯಿಗೆ ಬೀಗ ಇಲ್ಲವೆಂದು ಮನೆಯವರು ಆಡಿಕೊಳ್ಳುತ್ತಾರೆ. ಮಸ್ಕತ್ತಿನಲ್ಲಿರುವ ಚಿಕ್ಕಮ್ಮನ ಮಗಳು ಸುಮಿತ್ರಾ ಬಾ ಬಾ ಎಂದು ವರ್ಷಗಟ್ಟಲೆ ಕರೆದು, ಕೊನೆಗೆ, "ನಮ್ಮ ಹೆಂಗಸರ ರೇಡಿಯೊ ಒಂದುಂಟು, ಬಂದು ನೋಡಿ ತಪ್ಪು ಹೇಳಿ ವಿಮಲಕ್ಕ" ಎಂದಳು. ತಪ್ಪು ಹೇಳಲು ಕರೆದರೆ ನಾನು ಎಲ್ಲಿಗೂ ಹೋಗುತ್ತೇನೆ.

ವಿಮಾನ ನಿಲ್ದಾಣದಲ್ಲೇ ಮೊದಲ ಎಡವಟ್ಟು. ಮೈಕಿಗೆ ಗಾಳಿಯ ಸದ್ದು ಹೊಡೆಯದ ಹಾಗೆ ಹಾಕುವ ರೋಮದ ಟೋಪಿಯೊಂದು ನನ್ನ ಚೀಲದಲ್ಲಿತ್ತು. ಬೂದು ಬಣ್ಣ, ಉದ್ದ ರೋಮ. ಕಸ್ಟಮ್ಸಿನ ಯುವಕ ಚೀಲ ತೆರೆದವನು ಥಟ್ಟನೆ ಕೈ ಹಿಂದಕ್ಕೆಳೆದ. ಆಮೇಲೆ ಬೆರಳಿನಿಂದ ಮೆಲ್ಲಗೆ ಸವರಿ, ಬೆಕ್ಕಿನ ಮರಿಯೇ ಎಂದು ಕೇಳಿದ. ಅದರೊಳಗೆ ಮೈಕು ಕಂಡಾಗ ಮುಖ ಗಂಭೀರವಾಯಿತು. ಪತ್ರಿಕೆಯವಳೇ, ಟಿವಿಯವಳೇ, ಯಾತಕ್ಕೆ ಇದು? ನಾನು ಗಾಬರಿಯಲ್ಲಿ, "ನೋ ನೋ, ಕುಕಿಂಗ್, ಕುಕಿಂಗ್" ಎಂದೆ. ಅಡಿಗೆಗೆ ಮೈಕು ಯಾಕೆಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಟೋಪಿಯನ್ನು ಇನ್ನೊಮ್ಮೆ ಸವರಿ ನಗುತ್ತಾ ಕಳಿಸಿಕೊಟ್ಟ.

ದಾರ್ಸೈಟ್

ಸುಮಿತ್ರಾ ಇರುವುದು ಮಸ್ಕತ್ತಿನ ದಾರ್ಸೈಟ್ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ. ಹಗಲು ಕಚೇರಿಯಲ್ಲಿ ಲೆಕ್ಕ ಬರೆಯುತ್ತಾಳೆ. ಗಂಡ ಹಡಗು ಸಾಮಾನಿನ ಕಂಪನಿಯಲ್ಲಿ. ಮಗಳಿಗೆ ತುಳುವಿನಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ, ಆದರೆ ಅರ್ಥವಾಗಿರುತ್ತದೆ. ಮೊದಲ ಬೆಳಿಗ್ಗೆ ಕೃಷ್ಣ ದೇವಸ್ಥಾನಕ್ಕೆ ನಡೆದೇ ಹೋಗುತ್ತೇನೆಂದು ಹೊರಟೆ. ಅರ್ಧ ದಾರಿಯಲ್ಲಿ ಒಂದು ಕಾರು ಪಕ್ಕಕ್ಕೆ ನಿಂತಿತು. ಗಾಜು ಇಳಿಸಿದ ಹೆಂಗಸು ನನ್ನ ಸೀರೆ ನೋಡಿಯೇ ಊರು ಹಿಡಿದಿರಬೇಕು. "ಎಂತ ಆಯ್ತಕ್ಕ? ಗಾಡಿ ಹಾಳಾಯ್ತಾ?" ಎಂದಳು. ನಡೆಯುತ್ತಿದ್ದೇನೆ ಅಷ್ಟೇ ಎಂದರೆ ನಂಬಲಿಲ್ಲ. ಕೂರಿಸಿಕೊಂಡು ದೇವಸ್ಥಾನಕ್ಕೆ ಬಿಟ್ಟು, ಸಂಜೆ ಸುಮಿತ್ರಾಳಿಗೆ ಫೋನ್ ಮಾಡಿ, ನಿನ್ನ ಅಕ್ಕನನ್ನು ಒಬ್ಬಳೇ ಬಿಡಬೇಡ ಎಂದು ಬುದ್ಧಿ ಹೇಳಿದಳಂತೆ.

ಹೆಂಗಸರ ರೇಡಿಯೊ ಎಂದರೆ ಕಂಬವಿಲ್ಲ, ಪೆಟ್ಟಿಗೆಯಿಲ್ಲ. ಗುರುವಾರ ಹಗಲಿಡೀ ಬೇರೆ ಬೇರೆ ಮನೆಗಳಿಂದ ಫೋನಿನಲ್ಲಿ ದನಿ ಬರುತ್ತದೆ. ಸುಮಿತ್ರಾ ಊಟದ ಮೇಜಿನ ಮುಂದೆ ಕುಳಿತು ಅವನ್ನೆಲ್ಲ ಪೋಣಿಸಿ ಸಂಜೆಗೆ ಎಲ್ಲರ ಫೋನಿಗೂ ಕಳಿಸುತ್ತಾಳೆ. ಹೆಸರು 'ಗುರುವಾರದ ಒಗ್ಗರಣೆ'. ಒಂದು ಭಜನೆ, ಮಕ್ಕಳದೊಂದು ಪದ್ಯ, ಈ ವಾರ ಊರಿಗೆ ಹೋಗುವವರು ಯಾರು, ಅವರ ಪೆಟ್ಟಿಗೆಯಲ್ಲಿ ಔಷಧಿಗೆ ಜಾಗ ಉಂಟೋ, ಇಷ್ಟೇ. ಕೊನೆಯಲ್ಲಿ ಬರುವುದು ಎಲ್ಲರೂ ಕಾಯುವ ಭಾಗ: ನಾಳೆ ನಮ್ಮಲ್ಲಿ ಎಂತ? ಶುಕ್ರವಾರ ರಜೆ. ನಾಳೆ ತಮ್ಮ ಮನೆಯಲ್ಲಿ ಏನು ಅಡಿಗೆ ಎಂದು ಒಬ್ಬೊಬ್ಬಳೂ ಒಂದೊಂದು ವಾಕ್ಯ ಹೇಳುತ್ತಾಳೆ. "ನಾಳೆ ನಮ್ಮಲ್ಲಿ ಬಸಳೆ, ಸಿಗಡಿ ಹಾಕಿ." "ನಾಳೆ ನಮ್ಮಲ್ಲಿ ಬಸಳೆ, ಹಲಸಿನ ಬೀಜ ಹಾಕಿ." ಹತ್ತು ಮನೆ ಹೇಳಿದರೆ ಏಳು ಮನೆಯಲ್ಲಿ ಬಸಳೆ.

"ಇಷ್ಟು ಬಸಳೆ ಈ ಮರಳಿನಲ್ಲಿ ಎಲ್ಲಿಂದ ಮಾರಾಯ್ತಿ?" ಎಂದು ಕೇಳಿದೆ.

"ಸುವೈಕಿನಿಂದ. ಜಯಕರಣ್ಣ ಅಂತ, ನಮ್ಮ ಕಡೆಯವರೇ, ಅಲ್ಲಿ ತೋಟ ಉಂಟು. ಶುಕ್ರವಾರ ಬೆಳಿಗ್ಗೆ ವ್ಯಾನ್ ತರ್ತಾರೆ. ನಮ್ಮ ಒಗ್ಗರಣೆ ಕೇಳಿಯೇ ಅವರು ಎಷ್ಟು ಕೊಯ್ಯುವುದು ಅಂತ ನೋಡುವುದು. ಕಳಿಸುವುದು ತಡ ಆದ್ರೆ ಫೋನ್ ಬರ್ತದೆ."

ರೇಡಿಯೊ ಎಂಬ ಮಾತನ್ನು ಹೊರಗೆ ಗಟ್ಟಿಯಾಗಿ ಆಡಬೇಡಿ ಎಂದೂ ಹೇಳಿದಳು. ರಾಜಕೀಯ ಇಲ್ಲ, ಯಾರ ಹೆಸರೂ ಇಲ್ಲ, ಯಾರ ಮೇಲೂ ದೂರು ಇಲ್ಲ. "ಇಲ್ಲಿ ನಾವು ಅತಿಥಿಗಳು. ಒಬ್ಬಳು ಬಾಯಿ ಜಾರಿದ್ರೆ ಅವಳ ಗಂಡನ ಕೆಲಸಕ್ಕೇ ಕುತ್ತು ಬರ್ತದೆ." ಇಷ್ಟೆಲ್ಲ ಬೇಲಿ ಹಾಕಿದ ಮೇಲೆ ಇದನ್ನು ರೇಡಿಯೊ ಎನ್ನುವುದು ಹೇಗೆ ಎಂದು ನನಗೆ ಅನ್ನಿಸಿತು. ಉಪ್ಪಿಲ್ಲದ ಸಾರಿನಂತಿದೆ ಎಂದೂ ಹೇಳಿಬಿಟ್ಟೆ. ಅವಳಿಗೆ ಬೇಜಾರಾಯಿತು, ಅರ್ಧ ದಿನ ನನ್ನೊಡನೆ ಬರೀ ಹೂಂ, ಉಹೂಂ.

ಬೌಷರ್

ಮಸ್ಕತ್ತಿನಲ್ಲಿ ನನಗೆ ಇನ್ನೊಬ್ಬಳು ಗೆಳತಿಯಿದ್ದಾಳೆ, ಎಲೆನಾ. ಹಿಂದೊಮ್ಮೆ ನಮ್ಮ ಕೇಂದ್ರಕ್ಕೆ ರೇಡಿಯೊ ತರಬೇತಿ ಕೊಡಲು ಬಂದವಳು, ನಮ್ಮ ಮನೆಯಲ್ಲೇ ಉಳಿದಿದ್ದಳು. ಈಗ ಇಲ್ಲಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ, ಬೌಷರಿನಲ್ಲಿ ಮನೆ. ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ, ಮೂಲ ಮೆಕ್ಸಿಕೊ. ಅಮೆರಿಕದಲ್ಲಿರುವ ಮೆಕ್ಸಿಕೊ ಮೂಲದವರಲ್ಲಿ ತಮ್ಮ ಹಕ್ಕಿಗಾಗಿ ಎದ್ದು ನಿಂತವರು ಹೆಮ್ಮೆಯಿಂದ ಇಟ್ಟುಕೊಂಡ ಹೆಸರು ಚಿಕಾನೊ. ನೀನು ಅಮೆರಿಕನ್ನಳೋ ಮೆಕ್ಸಿಕನ್ನಳೋ ಎಂದು ಯಾರಾದರೂ ಕೇಳಿದರೆ ಎಲೆನಾ ಎದೆ ತಟ್ಟಿ ಅದನ್ನೇ ಹೇಳುತ್ತಾಳೆ. ಐವತ್ತು ದಾಟಿದರೂ ಬೀದಿಯಲ್ಲಿ ಘೋಷಣೆ ಕೂಗುವ ಗಂಟಲು.

ಸುಮಿತ್ರಾ ನಮ್ಮಿಬ್ಬರನ್ನೂ ಬೌಷರಿನ ಒಂದು ಮಾಲಿಗೆ ಕರೆದೊಯ್ದಳು. ಅಲ್ಲಿ ಅವಳು ತಳ್ಳುಗಾಡಿಗೆ ದ್ರಾಕ್ಷಿ ಹಾಕಿದ್ದೇ ಎಲೆನಾ ಗಾಡಿಯ ಆಚೆ ಬದಿಗೆ ಸರಿದು ನಿಂತಳು. ಹುಳಿಯೆಂದು ಬೇಡವೇನೋ ಎಂದುಕೊಂಡೆ. ಅಲ್ಲ. ಅವಳ ಅಮ್ಮ ದ್ರಾಕ್ಷಿ ತೋಟದ ಕೂಲಿ. ಕುಡಿಯಲು ನೀರು, ನೆರಳು, ಮರ್ಯಾದೆ ಯಾವುದೂ ಇಲ್ಲದ ಕೆಲಸ. ಕೂಲಿಗಳು ಎದ್ದು ನಿಂತು, ನಮ್ಮ ಮಾತು ಕೇಳುವವರೆಗೆ ಯಾರೂ ದ್ರಾಕ್ಷಿ ಕೊಳ್ಳಬೇಡಿ ಎಂದು ದೇಶವನ್ನೇ ಕೇಳಿಕೊಂಡರಂತೆ. ಎಲೆನಾಳ ಅಮ್ಮ ಅಂಗಡಿಗಳ ಎದುರು ನಿಂತು ಹಾಗೆ ಕೇಳಿಕೊಂಡವಳು. ಆಮೇಲೆ ಕೂಲಿಗಳದ್ದೇ ರೇಡಿಯೊ ಬಂತು. ಬೆಳಕು ಹರಿಯುವ ಮೊದಲೇ ತೋಟಕ್ಕೆ ಹೊರಡುವವರಿಗಾಗಿ ಅಮ್ಮ ಅದರಲ್ಲಿ ಸ್ಪ್ಯಾನಿಷಿನಲ್ಲಿ ಮಾತಾಡುತ್ತಿದ್ದಳು: ಯಾವ ತೋಟದಲ್ಲಿ ಔಷಧಿ ಹೊಡೆದಿದ್ದಾರೆ, ಯಾವ ಧಣಿ ಮೋಸಗಾರ, ಪರವಾನಗಿ ಕೇಳುವ ಪೊಲೀಸರ ಗಾಡಿ ಯಾವ ರಸ್ತೆಯಲ್ಲಿದೆ.

"ಹೆಸರು ಹಿಡಿದೇ ಹೇಳುತ್ತಿದ್ದಳಾ?" ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದೆ.

"ಹೆಸರು ಹೇಳದಿದ್ದರೆ ಅದು ರೇಡಿಯೊ ಅಲ್ಲ, ಗಾಳಿಸುದ್ದಿ," ಎಂದಳು ಎಲೆನಾ.

ಸುಮಿತ್ರಾ ನನ್ನನ್ನು ನೋಡಿದಳು. ಇಬ್ಬರೂ ಸೇರಿ ತನ್ನ ಒಗ್ಗರಣೆಯನ್ನು ಹಳಿಯುತ್ತಿದ್ದೇವೆಂದು ಅವಳಿಗೆ ಅನ್ನಿಸಿರಬೇಕು. ಆದರೂ ದ್ರಾಕ್ಷಿಯನ್ನು ಗಾಡಿಯಿಂದ ತೆಗೆದು ವಾಪಸ್ ಇಟ್ಟಳು. ಅವಳು ಹಾಗೆಯೇ, ಮಾತಿನ ಮೇಲೆ ಸಿಟ್ಟು ಮಾಡಿದರೂ ಮನುಷ್ಯರ ಮೇಲೆ ಮಾಡುವುದಿಲ್ಲ.

ಸುವೈಕ್

ಮಾರನೆಯ ದಿನ ಜಯಕರಣ್ಣನ ತೋಟ ನೋಡಲು ನಾನೂ ಎಲೆನಾಳೂ ಟ್ಯಾಕ್ಸಿ ಹಿಡಿದೆವು. ಚಾಲಕ ಓಮಾನಿ, ಬಿಳಿ ನಿಲುವಂಗಿ, ಕಸೂತಿಯ ಟೋಪಿ. ಈ ದೇಶದಲ್ಲಿ ಯಾವ ಕೆಲಸವೂ ಕ್ಷೇಮ ಸಮಾಚಾರ ಮುಗಿಯದೆ ಶುರುವಾಗುವುದಿಲ್ಲ. ನೀನು ಹೇಗಿದ್ದೀ, ಮನೆಯವರು ಹೇಗೆ, ಮಕ್ಕಳು ಹೇಗೆ, ಎಲ್ಲ ದೇವರ ದಯೆ, ಆಮೇಲೆ ಎಲ್ಲಿಗೆ ಹೋಗಬೇಕು. ನಮ್ಮೂರ ಬಸ್ಸಿನ ಕಂಡಕ್ಟರ್ ಹೀಗೆ ವಿಚಾರಿಸುತ್ತಾ ಕುಳಿತರೆ ಬಸ್ಸು ಮಂಗಳೂರು ಸೇರುವುದು ಮಾರನೆ ದಿನವೇ. ಆದರೆ ಕೇಳಿಸಿಕೊಳ್ಳಲು ಹಿತವಾಗುತ್ತದೆ. ಅವನ ಕಾರಿನ ರೇಡಿಯೊದಲ್ಲಿ ಕೇಳುಗರು ಫೋನ್ ಮಾಡಿ ತಮ್ಮ ಬೀದಿಯ ಗುಂಡಿಗಳ ದೂರು ಹೇಳುತ್ತಿದ್ದರು, ಅದೂ ಕ್ಷೇಮ ಸಮಾಚಾರದ ನಂತರವೇ.

ಸಮುದ್ರದ ಬದಿಯಲ್ಲೇ ರಸ್ತೆ, ಖರ್ಜೂರದ ತೋಟಗಳು, ನಡುವೆ ತರಕಾರಿ ಹೊಲಗಳು. ಜಯಕರಣ್ಣನ ತೋಟದೊಳಗೆ ಕಾಲಿಟ್ಟಾಗ ನನಗೆ ಸುಳ್ಳಲ್ಲ, ಕಣ್ಣು ತುಂಬಿತು. ಮರಳಿನ ದೇಶದಲ್ಲಿ ಸಾಲುಸಾಲು ಬಸಳೆ ಚಪ್ಪರ, ದಪ್ಪ ಎಲೆ, ಕೆಂಪು ದಂಟು. ಆತ ಗಿಡ್ಡ ಮನುಷ್ಯ, ಬಿಸಿಲಿಗೆ ಸುಟ್ಟ ಮುಖ, ತುಂಬಾ ಮಾತು. ಓಮಾನಿ ಧಣಿಯಿಂದ ಭೂಮಿ ಗೇಣಿಗೆ ಹಿಡಿದಿದ್ದಾನೆ. ಊರಿಂದ ಒಂದು ಬಳ್ಳಿ ತುಂಡು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಇಷ್ಟು ಮಾಡಿದ್ದನ್ನು ಹೆತ್ತ ಮಗನ ವಿಷಯದಂತೆ ಹೇಳಿದ. ನನ್ನ ಮೈಕಿಗೆ ಹೇಳಿ ಮುಗಿಯದೆ ಮಜ್ಜಿಗೆ ಕೊಟ್ಟು ಮತ್ತೆ ಹೇಳಿದ. ಒಳ್ಳೆಯವನು, ನನಗೆ ಅನುಮಾನವೇ ಇಲ್ಲ.

ಮಜ್ಜಿಗೆ ತಂದವಳು ವನಜ. ನಲವತ್ತೈದರ ಆಸುಪಾಸು, ಕೈಯ ಬೆರಳುಗಳಲ್ಲಿ ಬಸಳೆ ಹಣ್ಣಿನ ನೇರಳೆ ಕಲೆ. ಆತನ ಸಂಸಾರಕ್ಕೆ ಅಡಿಗೆ ಮಾಡಲು ಬಂದವಳಂತೆ. ಹೆಂಡತಿ ಮಕ್ಕಳು ಶಾಲೆಗಾಗಿ ಊರಿಗೆ ಹೋದ ಮೇಲೆ ಶೆಡ್ಡಿನಲ್ಲಿ ಸೊಪ್ಪು ಕಟ್ಟುವ ಕೆಲಸಕ್ಕೆ ನಿಂತಳು. ಆತ ಎಲೆನಾಳಿಗೆ ನೀರಿನ ಪಂಪು ತೋರಿಸಲು ಹೋದಾಗ ನಾನು ಶೆಡ್ಡಿನಲ್ಲಿ ಅವಳ ಪಕ್ಕ ಕುಳಿತೆ. ಊರು, ಮನೆ ಕೇಳಿದೆ. ಮಗಳ ಸುದ್ದಿ ಬಂದಾಗ ಅವಳ ಕೈ ನಿಂತಿತು.

"ಮಗಳಿಗೆ ಏಳು ತುಂಬಿತಕ್ಕ. ಚೊಚ್ಚಲು. ಅವಳಿಗೆ ನಾನು ಬಿಟ್ರೆ ಯಾರೂ ಇಲ್ಲ. ಬಾಣಂತನ ಅಮ್ಮನೇ ಮಾಡಬೇಕಲ್ಲ?"

"ಮತ್ತೆ ಹೋಗುವುದಲ್ವಾ?"

"ಪಾಸ್‌ಪೋರ್ಟ್ ಜಯಕರಣ್ಣನ ಹತ್ರ ಉಂಟು. ಲಾಕರಲ್ಲಿ. ಎಗ್ರಿಮೆಂಟ್ ಮುಗಿದು ಸುಮಾರು ಸಮಯ ಆಯ್ತು. ಕೇಳಿದಾಗೆಲ್ಲ ಸೀಸನ್ ಮುಗೀಲಿ ಅಂತಾರೆ. ಸೀಸನ್ ಮುಗಿಯುವಾಗ ಮಗು ಹುಟ್ಟಿ ನಡೀಲಿಕ್ಕೆ ಶುರು ಮಾಡ್ತದೆ."

ಸಂಬಳಕ್ಕೆ ತೊಂದರೆ ಇಲ್ಲ, ಊಟಕ್ಕೆ ಇಲ್ಲ, ಬೈಗುಳವೂ ಇಲ್ಲ ಎಂದು ಅವಳೇ ಆತನ ಪರವಾಗಿ ಹೇಳಿದಳು. ದೂರು ಕೊಡಬಹುದಲ್ಲ ಎಂದೆ. "ಕರ್ಕೊಂಡು ಬಂದದ್ದೇ ಅವರು. ನನ್ನ ಮನೆಗೆ ಹಂಚು ಹಾಕ್ಸಿದ್ದು ಈ ಕೆಲಸದಲ್ಲಿ. ದೂರು ಕೊಟ್ಟು ಊರಲ್ಲಿ ಹೇಗೆ ಮುಖ ತೋರಿಸುವುದು? ಅದೂ ಆಫೀಸು ಆಫೀಸು ಅಲೆದು ಮುಗಿಯುವಾಗ..." ಎಂದವಳು ಮತ್ತೆ ಕಟ್ಟು ಕಟ್ಟತೊಡಗಿದಳು.

ಹೊರಡುವಾಗ ಜಯಕರಣ್ಣನನ್ನೇ ಕೇಳಿದೆ. ಆತ ಸಿಟ್ಟಾಗಲಿಲ್ಲ, ನೊಂದುಕೊಂಡ. "ಅಕ್ಕ, ಕೊಟ್ರೆ ಹೋದವರು ಬರುವುದಿಲ್ಲ. ಹಿಂದೆ ಇಬ್ಬರು ಹಾಗೇ ಹೋದ್ರು. ಬಸಳೆ ಕಟ್ಟುವವರು ಇಲ್ಲದಿದ್ರೆ ನನ್ನ ತೋಟ ಖಲಾಸ್. ಅವಳಿಗೆ ನಾನು ಎಂತ ಕಡಿಮೆ ಮಾಡಿದ್ದೇನೆ? ಕೇಳಿ ಅವಳನ್ನೇ." ನನ್ನ ಕೈಗೆ ದೊಡ್ಡದೊಂದು ಬಸಳೆ ಕಟ್ಟು ತುರುಕಿದ. ಹಿಂದಿರುಗುವಾಗ ಚಾಲಕನಿಗೆ ಎಲೆನಾ ವಿಷಯ ಹೇಳಿದಳು. ಬೇರೆಯವರ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಇಲ್ಲಿನ ಕಾನೂನಿಗೂ ಸಲ್ಲದು, ದೇವರಿಗೂ ಸಲ್ಲದು ಎಂದು ಅವನು ತಲೆಯಾಡಿಸಿದ. ಹಿಂದಿನ ಸೀಟಿನಲ್ಲಿ ಆ ಬಸಳೆ ಕಟ್ಟು ನಮ್ಮಿಬ್ಬರ ನಡುವೆ ಕುಳಿತಿತ್ತು. ಅದನ್ನು ಮುಟ್ಟಲು ನನಗೆ ಮನಸ್ಸಾಗಲಿಲ್ಲ.

ಊಟದ ಮೇಜಿನ ಜಗಳ

ಸುಮಿತ್ರಾಳ ಮನೆಯಲ್ಲಿ ಎಲೆನಾ ಕೂರಲೇ ಇಲ್ಲ. ಈ ಗುರುವಾರವೇ ವನಜಳ ದನಿ ಹಾಕಿ, ಜಯಕರಣ್ಣನ ಹೆಸರು ಹಾಕಿ, ಎಲ್ಲರಿಗೂ ಕೇಳಲಿ ಎಂದಳು. ಸುಮಿತ್ರಾ ಆಗುವುದಿಲ್ಲ ಎಂದಳು. ಒಬ್ಬಳದು ಇಂಗ್ಲಿಷಿಗೆ ನಡುನಡುವೆ ಸ್ಪ್ಯಾನಿಷ್, ಇನ್ನೊಬ್ಬಳದು ಸಿಟ್ಟು ಬಂದರೆ ಬರೀ ತುಳು. ನಡುವೆ ನಾನು ಭಾಷಾಂತರ ಮಾಡುತ್ತಾ ಇಬ್ಬರ ಮಾತಿನ ಖಾರವನ್ನೂ ಅರ್ಧಕ್ಕರ್ಧ ತೆಗೆಯುತ್ತಿದ್ದೆ. ಹೆದರಿಕೊಂಡವರ ರೇಡಿಯೊ ಯಾರಿಗೆ ಬೇಕು ಎಂದು ಎಲೆನಾ ಹೇಳಿದ್ದನ್ನು ಮಾತ್ರ ಸುಮಿತ್ರಾಳಿಗೆ ಭಾಷಾಂತರ ಬೇಕಾಗಲಿಲ್ಲ.

"ಅವಳಿಗೆ ಹೇಳಿ ವಿಮಲಕ್ಕ," ಎಂದಳು ಸುಮಿತ್ರಾ, ಕಣ್ಣು ಒದ್ದೆ. "ಹೆಸರು ಹಾಕಿದ್ರೆ ನಾಳೆ ಅವರು ವನಜ ಕೆಲಸ ಬಿಟ್ಟು ಓಡಿಹೋದ್ಲು ಅಂತ ಪೊಲೀಸರಿಗೆ ಬರ್ಕೊಟ್ರೆ? ಅವಳು ಜೈಲು ನೋಡಬೇಕು. ಎಲೆನಾ ಅಮೆರಿಕಕ್ಕೆ ಹೋಗ್ತಾಳೆ, ನೀವು ಊರಿಗೆ ಹೋಗ್ತೀರಿ. ವನಜ ಎಲ್ಲಿಗೆ ಹೋಗುವುದು?"

ಇದನ್ನು ನಾನು ಖಾರ ತೆಗೆಯದೆ ಹೇಳಿದೆ. ಎಲೆನಾ ಕುರ್ಚಿ ಎಳೆದು ಕುಳಿತಳು. ತನ್ನ ಅಮ್ಮ ಅಂಗಡಿಯೆದುರು ಯಾರನ್ನೂ ಬೈದಿರಲಿಲ್ಲ, ತಾನು ಕೊಳ್ಳುವುದಿಲ್ಲ, ನೀವೂ ಕೊಳ್ಳಬೇಡಿ ಎಂದಷ್ಟೇ ಹೇಳಿದ್ದಳು ಎಂದು ನೆನಪು ಮಾಡಿಕೊಂಡಳು. ಅದನ್ನೂ ಹೇಳಿದೆ. ಸುಮಿತ್ರಾ ಮೂಗು ಒರೆಸಿಕೊಳ್ಳುತ್ತಿದ್ದವಳು ಅಲ್ಲಿಗೇ ನಿಲ್ಲಿಸಿದಳು.

"ಕೊಳ್ಳುವುದಿಲ್ಲ ಅಂತ ಹೇಳಲಿಕ್ಕೆ ನಮಗೆ ಯಾರ ಹೆಸರು ಬೇಕು?" ಎಂದಳು. "ನಾಳೆ ನಮ್ಮಲ್ಲಿ ಎಂತ ಅಂತ ನಾವು ಪ್ರತಿ ವಾರ ಹೇಳುವುದಿಲ್ವಾ? ಎಂತ ಇಲ್ಲ ಅಂತ ಹೇಳುವ."

ವನಜಳಿಗೆ ಫೋನ್ ಮಾಡಿ ಕೇಳಿದೆವು, ಬೇಡವೆಂದರೆ ಬಿಡುವುದೆಂದು ಮೊದಲೇ ನಿಶ್ಚಯಿಸಿ. "ನನ್ನ ಹೆಸರು ಬೇಡ. ಅಣ್ಣನಿಗೆ ಬೈಯುವುದೂ ಬೇಡ. ಸೊಪ್ಪು ಬೇಡ ಅಂತ ಹೇಳ್ಲಿಕ್ಕೆ ಅಡ್ಡಿ ಇಲ್ಲ," ಎಂದಳು. ಆಮೇಲೆ ಸುಮಿತ್ರಾ ಒಬ್ಬೊಬ್ಬರಿಗೂ ಫೋನ್ ಹಚ್ಚಿದಳು. ಏಳು ತುಂಬಿದ ಮಗಳು, ಊರಿಗೆ ಹೋಗಲಾಗದ ತಾಯಿ, ಇಷ್ಟೇ ಹೇಳಿದ್ದು. ಬಾಣಂತನ ಎಂದ ಮೇಲೆ ಯಾವ ಹೆಂಗಸಿಗೂ ಮುಂದಿನದನ್ನು ವಿವರಿಸಬೇಕಾಗಲಿಲ್ಲ.

ಗುರುವಾರ ಸಂಜೆ ಒಗ್ಗರಣೆ ಕೇಳಿದೆವು. ಭಜನೆ ಆಯಿತು, ಪದ್ಯ ಆಯಿತು. "ನಾಳೆ ನಮ್ಮಲ್ಲಿ ಬಸಳೆ ಇಲ್ಲ." "ನಾಳೆ ನಮ್ಮಲ್ಲಿಯೂ ಬಸಳೆ ಇಲ್ಲ." ಒಂದಾದ ಮೇಲೊಂದು ದನಿ. ಕೆಲವರು ಅಳುಕುತ್ತಾ, ಒಬ್ಬಳು ಹಿಂದೆ ಕುಕ್ಕರ್ ಕೂಗುತ್ತಿರುವಾಗ. ಮಗನ ಜೊತೆಗಿರುವ ಒಬ್ಬ ಅಜ್ಜಿ, "ನನಗೆ ಹಲ್ಲಿಲ್ಲ, ಬಸಳೆಯೇ ಊಟ. ಆದ್ರೂ ನಾಳೆ ಬೇಡ," ಎಂದರು. ಬೌಷರಿನ ಪದ್ಮಿನಿ ಮೈಸೂರಿನವಳು, ಗಂಡ ಹೆಂಡತಿ ಇಬ್ಬರೂ ಇಂಜಿನಿಯರುಗಳು. ಅವಳ ದನಿ ಬಂತು: "ನಮ್ಮನೇಲಿ ಬಸಳೆ ಯಾವತ್ತೂ ಮಾಡಲ್ಲ ಕಣ್ರೀ, ಲೋಳೆ ಲೋಳೆ ಅಂತ ಇವರು ಮುಟ್ಟಲ್ಲ. ಆದ್ರೂ ಹೇಳ್ಬಿಡ್ತೀನಿ. ನಾಳೆ ನಮ್ಮನೇಲಿ ಬಸಳೆ ಇಲ್ಲ." ನಾವು ಮೂವರೂ ನಕ್ಕೆವು, ಆಮೇಲೆ ಎಲೆನಾ ಅತ್ತಳು. ಉಪ್ಪಿಲ್ಲದ ಸಾರು ಎಂದಿದ್ದ ನಾನೇ ಅದನ್ನು ಮೊದಲಿನಿಂದ ಇನ್ನೊಮ್ಮೆ ಹಾಕಿಸಿ ಕೇಳಿದೆ.

ವ್ಯಾನು ಬಂದ ಶುಕ್ರವಾರಗಳು

ಒಗ್ಗರಣೆ ಕೇಳಿಯೂ ಜಯಕರಣ್ಣ ನಂಬಲಿಲ್ಲ. ಶುಕ್ರವಾರ ಬೆಳಿಗ್ಗೆ ಎಂದಿನಂತೆ ವ್ಯಾನು ತುಂಬಿಕೊಂಡು ಬಂದು ಫ್ಲ್ಯಾಟುಗಳ ಕೆಳಗೆ ನಿಲ್ಲಿಸಿದ, ಹಾರ್ನ್ ಹಾಕಿದ. ಯಾರೂ ಇಳಿಯಲಿಲ್ಲ. ಪರದೆಗಳ ಹಿಂದೆ ಹೆಂಗಸರು ನಿಂತಿದ್ದು ನನಗೆ ಕಾಣುತ್ತಿತ್ತು, ಆತನಿಗೂ ಕಂಡಿರಬೇಕು. ಇಳಿದು ವ್ಯಾನಿನ ಹಿಂಬಾಗಿಲು ತೆರೆದ. ಮುಚ್ಚಿದ. ಸೊಪ್ಪಿನ ಮೇಲೆ ನೀರು ಚಿಮುಕಿಸಿದ. ಪಾಪ ಎನ್ನಿಸಿತು, ಒದ್ದೆ ಬಟ್ಟೆಯಲ್ಲಿ ಬಳ್ಳಿ ಸುತ್ತಿ ತಂದವನು. ಎಲೆನಾಳಿಗೆ ಹಾಗೆಂದರೆ, ಪಾಪ ಹೌದು, ಇಳಿಯಬೇಡ ಎಂದಳು. ಕೊನೆಗೆ ಸುಮಿತ್ರಾಳ ಫೋನು ಹೊಡೆದುಕೊಂಡಿತು.

"ಎಂತಕ್ಕೆ ಹೀಗೆ? ಸೊಪ್ಪಲ್ಲಿ ಹುಳ ಬಂದಿತ್ತಾ?"

"ಹುಳ ಎಂತದೂ ಇಲ್ಲ ಅಣ್ಣ," ಎಂದಳು ಸುಮಿತ್ರಾ. "ಆ ಕಟ್ಟು ಕಟ್ಟುವವಳ ಮಗಳಿಗೆ ಏಳು ತುಂಬಿತಂತೆ. ನಮಗೆ ಗಂಟಲಲ್ಲಿ ಇಳಿಯುವುದಿಲ್ಲ."

ಆತ ಫೋನಿಟ್ಟು ವ್ಯಾನು ತಿರುಗಿಸಿದ. ಆ ವಾರವಿಡೀ ನಮಗೆ ಜೀವ ಕೈಯಲ್ಲಿ. ಕೆರಳಿ ಏನಾದರೂ ಮಾಡಿದರೆ? ವನಜಳ ಫೋನು ಒಂದು ದಿನ ಹತ್ತಲೇ ಇಲ್ಲ. ಸುಮಿತ್ರಾ ಕಚೇರಿಯಲ್ಲಿ ಲೆಕ್ಕ ತಪ್ಪಿ ಬೈಗುಳ ತಿಂದಳು. ಆಮೇಲೆ ನೋಡಿದರೆ ವನಜಳ ಫೋನಿನಲ್ಲಿ ಚಾರ್ಜ್ ಇರಲಿಲ್ಲವಷ್ಟೇ. ಮನೆಯಲ್ಲಿ ಬೇಳೆ ತಿಂದೂ ತಿಂದೂ ಸುಮಿತ್ರಾಳ ಗಂಡ, ಸತ್ಯಾಗ್ರಹ ಎಂದರೆ ಇದೇ ಎಂದು ನಿಟ್ಟುಸಿರು ಬಿಟ್ಟ. ಬಸಳೆ ಕಂಡರಾಗದ ಮಗಳೊಬ್ಬಳೇ ಖುಷಿ: "ದಿಸ್ ಈಸ್ ದ ಬೆಸ್ಟ್ ಸ್ಟ್ರೈಕ್!"

ಮುಂದಿನ ಗುರುವಾರ ಮಧ್ಯಾಹ್ನವೇ ಆತನ ಫೋನ್ ಬಂತು. ಇವತ್ತು ಎಂತ ಹೇಳುತ್ತೀರಿ, ಕೊಯ್ಯಬೇಕೋ ಬೇಡವೋ ಎಂದು ಕೇಳಿದ. "ಅದು ನಿಮ್ಮ ಕೈಯಲ್ಲುಂಟು ಅಣ್ಣ," ಎಂದಳು ಸುಮಿತ್ರಾ. ಆ ಸಂಜೆಯ ಒಗ್ಗರಣೆಯಲ್ಲಿ ಹಿಂದಿನ ವಾರ ಅಳುಕಿದವರ ದನಿ ಗಟ್ಟಿಯಾಗಿತ್ತು. ಸುವೈಕಿನ ಪೇಟೆಯಿಂದಲೇ ಒಬ್ಬಳು ಹೇಳಿದ್ದಳು, ನಾಳೆ ನಮ್ಮಲ್ಲಿ ಬಸಳೆ ಇಲ್ಲ ಎಂದು.

ಶುಕ್ರವಾರ ವ್ಯಾನು ಬಂತು. ಮುಂದಿನ ಸೀಟಿನಲ್ಲಿ ವನಜ, ಮಡಿಲಲ್ಲಿ ಒಂದು ಚೀಲ. ಈ ಬಾರಿ ನಾವೇ ಮೊದಲು ಇಳಿದೆವು. ಜಯಕರಣ್ಣನ ಮುಖ ಬಾಡಿತ್ತು. ಅಂಗಿಯ ಜೇಬಿನಿಂದ ಪಾಸ್‌ಪೋರ್ಟ್ ತೆಗೆದು ಸುಮಿತ್ರಾಳತ್ತ ಚಾಚಿದ, ಮನೆಯ ಹಿರಿಯರಿಗೆ ಹೆಣ್ಣು ಒಪ್ಪಿಸಿದ ಹಾಗೆ. ಸುಮಿತ್ರಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ನನಗಲ್ಲ ಅಣ್ಣ. ಅವಳಿಗೆ ಕೊಡಿ."

ಆತ ತಿರುಗಿ ವನಜಳಿಗೆ ಕೊಟ್ಟ. "ಬಾಣಂತನ ಮುಗಿಸಿ ಬಾ. ನಿನ್ನ ಜಾಗಕ್ಕೆ ನಾನು ಯಾರನ್ನೂ ತೆಗೊಳ್ಳುವುದಿಲ್ಲ," ಎಂದ.

"ಬರ್ತೇನೆ ಅಣ್ಣ," ಎಂದಳು ವನಜ. "ಬಂದ ಮೇಲೆ ಇದು ನನ್ನ ಹತ್ರವೇ ಇರ್ಲಿ."

ಆತ ತಲೆಯಾಡಿಸಿದ. ಅಷ್ಟು ಹೊತ್ತಿಗೆ ಮೆಟ್ಟಿಲುಗಳಲ್ಲಿ ಚಪ್ಪಲಿ ಸದ್ದು. ಹೆಂಗಸರೆಲ್ಲ ಚೀಲ ಹಿಡಿದು ಇಳಿದು ಬರುತ್ತಿದ್ದರು. ಎರಡು ವಾರದ ಹಸಿವು. ಕ್ಷಣದಲ್ಲಿ ವ್ಯಾನಿನ ಸುತ್ತ ಸಂತೆ. ಎಲೆನಾ ಕಕ್ಕಾಬಿಕ್ಕಿಯಾದಳು. ಆತ ಕ್ಷಮೆ ಕೇಳಲಿಲ್ಲ, ಯಾವ ಮಾತೂ ಬರೆದುಕೊಡಲಿಲ್ಲ, ಈಗಲೇ ಕೊಳ್ಳುವುದೇ? ವನಜ ಮತ್ತೆ ಅಲ್ಲಿಗೇ ಬರುವುದೇ? ತನ್ನ ಅಮ್ಮ ಅಂಗಡಿಗಳೆದುರು ವರ್ಷಗಟ್ಟಲೆ ನಿಂತವಳು ಎಂದಳು. ನಾನು ಅದನ್ನು ಸುಮಿತ್ರಾಳಿಗೆ ಹೇಳಿದೆ. ಅವಳು ಬಸಳೆ ಆರಿಸುತ್ತಾ, "ಅವಳಿಗೆ ಮನೆ ನಡೀಬೇಕು, ಇವರಿಗೆ ತೋಟ ನಡೀಬೇಕು. ನಾವು ಕೇಳಿದ್ದು ಸಿಕ್ಕಿತಲ್ಲ," ಎಂದಳು. ಎಲೆನಾಳಿಗೆ ಒಪ್ಪಿಗೆಯಾಗಲಿಲ್ಲ. ನನಗೂ ಪೂರ್ತಿ ಆಗಲಿಲ್ಲ ಎಂದು ಈಗಲೂ ಅನ್ನಿಸುತ್ತದೆ. ಆದರೆ ಮಧ್ಯಾಹ್ನ ಎಲೆನಾ ಎರಡು ಸಲ ಬಸಳೆ ಹಾಕಿಸಿಕೊಂಡು ಉಂಡಳು.

ಹಿಂದಿರುಗುವ ದಿನ

ವನಜ ನನ್ನ ಜೊತೆಯಲ್ಲೇ ಮಂಗಳೂರಿಗೆ ಹೊರಟಳು. ದಾರ್ಸೈಟಿನವರು ಹುಟ್ಟಲಿರುವ ಮಗುವಿಗೆಂದು ಕೊಟ್ಟ ಬಟ್ಟೆ, ಡಯಾಪರ್, ಬಾದಾಮಿ ಸೇರಿ ಅವಳ ಪೆಟ್ಟಿಗೆಯ ಜಿಪ್ ಹಾಕಲು ಮೂವರು ಬೇಕಾದರು. ಪಾಸ್‌ಪೋರ್ಟನ್ನು ಚೀಲಕ್ಕೆ ಹಾಕು, ಬಿದ್ದೀತು ಎಂದು ನಾನು ಹೇಳಿದ್ದಕ್ಕೆ ಬೇಡವೆಂದು ತಲೆಯಲ್ಲಾಡಿಸಿ ಅಂಗೈಯಲ್ಲೇ ಹಿಡಿದುಕೊಂಡಿದ್ದಳು. ಬೆವರಿಗೆ ರಟ್ಟು ಮೆತ್ತಗಾಗಿತ್ತು.

ನಿಲ್ದಾಣದಲ್ಲಿ ಸಾಲು ಮುಂದೆ ಸರಿದು ನಮ್ಮ ಸರದಿ ಬಂತು. ಕೌಂಟರಿನ ಹುಡುಗಿ ಕೈ ಚಾಚಿ ಪಾಸ್‌ಪೋರ್ಟ್ ಕೇಳಿದಳು. ವನಜ ಫೋಟೊ ಇರುವ ಪುಟ ತೆರೆದು ತೋರಿಸಿದಳು. ಹುಡುಗಿ ಕೈ ಚಾಚಿಯೇ ಇದ್ದಳು. ವನಜ ಇನ್ನಷ್ಟು ಹತ್ತಿರ ಹಿಡಿದು ತೋರಿಸಿದಳು, ಬಿಡಲಿಲ್ಲ. ಹಿಂದಿನವರು ಗೊಣಗತೊಡಗಿದರು. ಅವಳು ನನ್ನತ್ತ ತಿರುಗಿದಳು.

"ಅಕ್ಕ, ವಾಪಸ್ ಕೊಡ್ತಾಳಾ?"

ಅಷ್ಟು ಸಣ್ಣ ದನಿಯಲ್ಲಿ ಆ ಪ್ರಶ್ನೆ ಕೇಳಿದ್ದು. ನಾನು, "ಕೊಡ್ತಾಳೆ ವನಜ, ಈಗಲೇ ಕೊಡ್ತಾಳೆ" ಎಂದೆ. ಅವಳು ಕೊಟ್ಟಳು. ಕೊಟ್ಟು ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಹುಡುಗಿಯ ಬೆರಳುಗಳನ್ನೇ ನೋಡುತ್ತಾ ನಿಂತಳು. ಕಿಟಕಿ ಬದಿಯೋ ನಡುವೆಯೋ ಎಂದು ಕೇಳಿದ್ದು ಅವಳ ಕಿವಿಗೆ ಬೀಳಲೇ ಇಲ್ಲ; ನಾನೇ ಕಿಟಕಿ ಬದಿ ಎಂದೆ. ಹುಡುಗಿ ಪಾಸ್‌ಪೋರ್ಟಿನ ಮೇಲೆ ಬೋರ್ಡಿಂಗ್ ಪಾಸ್ ಇಟ್ಟು ನಗುತ್ತಾ ಮುಂದೆ ತಳ್ಳಿದಳು.

ವನಜ ಪಾಸ್‌ಪೋರ್ಟನ್ನು ಮಾತ್ರ ಎತ್ತಿಕೊಂಡು, ಬೋರ್ಡಿಂಗ್ ಪಾಸನ್ನು ಅಲ್ಲೇ ಬಿಟ್ಟು ಹೊರಟೇಬಿಟ್ಟಳು. ನಾನು ಅದನ್ನು ಹಿಡಿದುಕೊಂಡು, ವನಜಾ, ವನಜಾ ಎಂದು ಕೂಗುತ್ತಾ ಅವಳ ಹಿಂದೆ ಓಡಿದೆ.